ಬೂದಿಗುಡ್ಡ: ದನ ಕಟ್ಟಿದ ಹಿರಿಯರ ಗುರುತು

ಸಂಘದ ಬೆಳ್ಳಿ ಹಬ್ಬದ ಸಂಚಿಕೆಗೆ ನಮ್ಮ ಸೀಮೆಯ ಇತಿಹಾಸದ ಬಗ್ಗೆ ನಾಲ್ಕು ಮಾತು ಬರೆಯಿರಿ ಅಂತ ಸಂಪಾದಕ ಮಂಡಳಿಯವರು ಕೇಳಿದರು. ಬಳ್ಳಾರಿ ಸೀಮೆಯ ಇತಿಹಾಸ ಅಂದ ಕೂಡಲೇ ಎಲ್ಲರೂ ಹಂಪಿ ಕಡೆ ಕೈ ತೋರಿಸುತ್ತಾರೆ. ಅದು ಸರಿಯೇ. ಆದರೆ ದಿನ ಬೆಳಗಾದರೆ ಡೇರಿಗೆ ಹಾಲು ಹಾಕುವ ನಮ್ಮಂಥವರಿಗೆ ರಾಜರ ಕಥೆಗಿಂತ ದನ ಕಟ್ಟಿದವರ ಕಥೆ ಹೆಚ್ಚು ಹತ್ತಿರದ್ದು ಎಂದು ನಮಗೆ ತೋರಿತು. ಈ ಕಥೆ ವಿಜಯನಗರಕ್ಕಿಂತ ಮೂರು ಸಾವಿರ ವರ್ಷ ಹಿಂದಿನದು. ಇದಕ್ಕೆ ಶಾಸನವಿಲ್ಲ, ತಾಮ್ರಪಟವಿಲ್ಲ. ಉಳಿದಿರುವುದು ಸಗಣಿ ಸುಟ್ಟ ಬೂದಿಯ ಗುಡ್ಡಗಳು ಮಾತ್ರ.

ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದು ಹೋದರೆ ಕುಡತಿನಿಯ ಹತ್ತಿರ ಬೂದು ಬಣ್ಣದ ಒಂದು ದಿಬ್ಬ ಸಿಗುತ್ತದೆ. ಬಸ್ಸಿನಲ್ಲಿ ಕೂತವರು ಅದನ್ನು ಮಣ್ಣಿನ ಗುಡ್ಡ ಅಂತ ತಿಳಿದು ಮುಂದೆ ಸಾಗುತ್ತಾರೆ. ಹತ್ತಿರ ಹೋಗಿ ನೋಡಿದರೆ ಕೆಲವು ಕಡೆ ಹಿಟ್ಟಿನಂಥ ಬೂದಿ, ಕೆಲವು ಕಡೆ ಕಮ್ಮಾರನ ಕುಲುಮೆಯ ಕಿಟ್ಟದ ಹಾಗೆ ಕರಗಿ ಗಟ್ಟಿಯಾದ ಹೆಂಟೆಗಳು ಕಾಣುತ್ತವೆ. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಗಳಲ್ಲಿಯೂ ಪಕ್ಕದ ಆಂಧ್ರ, ತೆಲಂಗಾಣಗಳಲ್ಲಿಯೂ ಸೇರಿ ನೂರಕ್ಕೂ ಹೆಚ್ಚು ಇವೆ.

ಇವು ಏನು ಅಂತ ಜನರು ತಮಗೆ ತಿಳಿದ ಹಾಗೆ ಹೇಳಿಕೊಂಡು ಬಂದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಬೇರೆ ಕಡೆ ರಾಕ್ಷಸರ ಬೂದಿ ಎಂಬ ಮಾತುಂಟು. ಓದಿದವರೇನು ಕಡಿಮೆ ತಡಕಾಡಲಿಲ್ಲ. 19ನೆಯ ಶತಮಾನದಲ್ಲಿ ಇವನ್ನು ನೋಡಿದ ಇಂಗ್ಲಿಷ್ ಅಧಿಕಾರಿಗಳಲ್ಲಿ ಕೆಲವರು ಜ್ವಾಲಾಮುಖಿ ಎಂದರು, ಕೆಲವರು ಸುಣ್ಣದ ಭಟ್ಟಿ ಎಂದರು, ಕಬ್ಬಿಣ ಕರಗಿಸಿದ ಜಾಗ ಎಂದವರೂ ಇದ್ದಾರೆ. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೆವೆಲ್ ಇವು ಆ ಕಾಲದ ದೊಡ್ಡ ದಹನಗಳ ಗುರುತು ಎಂದು ವಾದಿಸಿದರು.

ಸರಿಯಾದ ದಾರಿ ಹಿಡಿದವರು ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್. 1870ರ ದಶಕದಲ್ಲಿ ಅವರು ಈ ಸೀಮೆಯಲ್ಲಿ ಓಡಾಡಿದಾಗ ದಿಬ್ಬಗಳ ಹತ್ತಿರ ನಯ ಮಾಡಿದ ಕಲ್ಲಿನ ಕೊಡಲಿಗಳು ಸಿಕ್ಕವು. ಇದು ಕಲ್ಲಿನ ಆಯುಧ ಬಳಸುತ್ತಿದ್ದವರ ದನದ ದೊಡ್ಡಿ, ಸುಟ್ಟಿರುವುದು ಸಗಣಿ ಎಂದು ಅವರು ಹೇಳಿದರು. ಬಹಳ ಜನ ನಂಬಲಿಲ್ಲ. ಸಗಣಿ ಸುಟ್ಟರೆ ಕಿಟ್ಟ ಆದೀತೆ ಎಂಬ ಪ್ರಶ್ನೆ ಎದ್ದಿತು. ಆದರೆ ಹುಲ್ಲಿನಲ್ಲಿ ಮರಳಿನ ಅಂಶವಿದೆ, ಅದು ದನದ ಹೊಟ್ಟೆಯಲ್ಲಿ ಕರಗದೆ ಸಗಣಿಯಲ್ಲಿ ಉಳಿಯುತ್ತದೆ. ದೊಡ್ಡ ರಾಶಿಗೆ ಬೆಂಕಿ ಇಟ್ಟು ಕಾವು ವಿಪರೀತ ಏರಿದರೆ ಅದೇ ಕರಗಿ ಗಾಜಿನಂತಾಗುತ್ತದೆ. 1950ರ ದಶಕದ ಕೊನೆಗೆ ಜ್ಯೂನರ್ ಎಂಬ ವಿದ್ವಾಂಸರು ಬೂದಿಯನ್ನು ಪರೀಕ್ಷಿಸಿ, ಫೂಟ್ ಹೇಳಿದ್ದು ನಿಜ ಎಂದು ತೋರಿಸಿದರು.

ಅದೇ ಕಾಲಕ್ಕೆ, 1957ರಲ್ಲಿ, ಆಲ್ಚಿನ್ ಎಂಬವರು ಕೃಷ್ಣಾ-ತುಂಗಭದ್ರೆಯ ನಡುವಿನ ಉಟ್ನೂರಿನಲ್ಲಿ ಒಂದು ದಿಬ್ಬವನ್ನು ಅಗೆಸಿದರು. ಈಗ ಆ ಊರು ತೆಲಂಗಾಣದಲ್ಲಿದೆ. ಬೂದಿಯ ಪದರದ ಕೆಳಗೆ ಸಾಲಾಗಿ ಗೂಟ ನೆಟ್ಟ ಕುಳಿಗಳು ಸಿಕ್ಕವು, ಅಂದರೆ ಬೇಲಿ ಹಾಕಿದ ದೊಡ್ಡಿ. ಒಂದು ಪದರದ ಮೇಲೆ ದನಗಳ ಗೊರಸಿನ ಗುರುತು ಹಾಗೇ ಇದ್ದವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಹಸಿ ನೆಲ ತುಳಿದು ಹೋದ ದನದ ಹೆಜ್ಜೆ! ಇದನ್ನು ಓದಿದಾಗ ನಮಗೆ ಮಳೆಗಾಲದ ನಮ್ಮ ಹಿತ್ತಿಲು ಕಣ್ಣ ಮುಂದೆ ಬಂತು.

ಇನ್ನು ಮುಖ್ಯ ಪ್ರಶ್ನೆ. ಸಗಣಿಯನ್ನು ಯಾಕೆ ಸುಟ್ಟರು? ಬೆಂಕಿ ಆಕಸ್ಮಿಕವಾಗಿ ಬಿದ್ದಿದ್ದರೆ ಒಂದು ಸಲ ಬೀಳಬಹುದು. ಈ ದಿಬ್ಬಗಳಲ್ಲಿ ಸಗಣಿ ಕೂಡಿಸುವುದು, ಸುಡುವುದು, ಮತ್ತೆ ಕೂಡಿಸುವುದು, ಮತ್ತೆ ಸುಡುವುದು ತಲೆಮಾರುಗಟ್ಟಲೆ ನಡೆದಿದೆ. ಆಲ್ಚಿನ್ ಇದರಲ್ಲಿ ಹಬ್ಬವನ್ನು ಕಂಡರು. ಮೈಸೂರು ಸೀಮೆಯಲ್ಲಿ ಸಂಕ್ರಾಂತಿ ದಿನ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಅಂಥ ಆಚರಣೆಯ ಬೇರು ಇಲ್ಲಿರಬಹುದು ಎಂಬುದು ಅವರ ಊಹೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ವರ್ಷಗಟ್ಟಲೆ ಉತ್ಖನನ ಮಾಡಿ ಬೇರೆ ಚಿತ್ರ ಕೊಟ್ಟರು. ಅಲ್ಲಿ ದಿಬ್ಬದ ಪಕ್ಕದಲ್ಲೇ ಊರಿತ್ತು. ಮನೆಗಳಿದ್ದವು, ಕಲ್ಲಿನ ಅಲಗು ಮಾಡುವ ಜಾಗವಿತ್ತು, ತೀರಿಕೊಂಡ ಮಕ್ಕಳನ್ನು ಗಡಿಗೆಯಲ್ಲಿಟ್ಟು ಹೂತಿದ್ದರು. ದೊಡ್ಡಿಯಲ್ಲಿ ಬಿದ್ದ ಸಗಣಿಯನ್ನು ಒಂದೆಡೆ ಗುಡ್ಡೆ ಹಾಕಿ ಆಗಾಗ ಸುಡುತ್ತಿದ್ದರು ಎಂಬುದು ಅವರ ಅಭಿಪ್ರಾಯ. ಆದರೆ ಅದೇ ಊರಲ್ಲಿ ದನ ಕೊಯ್ದು ಪಾಲು ಹಾಕುವ ದೊಡ್ಡ ನೆಲವೊಂದು ಸಿಕ್ಕಿದೆ. ಅದು ಒಂದು ಮನೆಯ ಊಟಕ್ಕೆ ಬೇಕಾದದ್ದಲ್ಲ, ಹತ್ತಾರು ಕಡೆಯಿಂದ ಜನ ಕೂಡಿದ್ದಕ್ಕೆ ಸಾಕ್ಷಿ. ಈಚಿನ ಕೆಲವು ವಿದ್ವಾಂಸರು ಗುಡ್ಡ ಎಬ್ಬಿಸುವುದೇ ಒಂದು ಆಚರಣೆ ಆಗಿತ್ತು, ಅದೇ ಅವರ ಜಾತ್ರೆಯ ಜಾಗ ಎನ್ನುತ್ತಾರೆ.

ನಮಗೆ ಈ ವಾದಗಳಲ್ಲಿ ದೊಡ್ಡ ಜಗಳ ಕಾಣುವುದಿಲ್ಲ. ನಮ್ಮ ಮನೆಗಳಲ್ಲೇ ನೋಡ್ರಿ. ಸಗಣಿ ಅಂದರೆ ತಿಪ್ಪೆಗೆ ಹಾಕುವ ಗೊಬ್ಬರವೂ ಹೌದು, ಒಲೆಗೆ ಕುಳ್ಳೂ ಹೌದು. ದೀಪಾವಳಿ ಪಾಡ್ಯದ ದಿನ ಅದೇ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಹೂ ಇಟ್ಟು ಕೈ ಮುಗಿಯುತ್ತೇವೆ. ಕೆಲಸ ಬೇರೆ, ಪೂಜೆ ಬೇರೆ ಅಂತ ದನ ಕಟ್ಟಿದವರು ಎಂದೂ ಗೆರೆ ಎಳೆದಿಲ್ಲ. ಆಗಿನವರು ಎಳೆದಿದ್ದರು ಅನ್ನುವುದಕ್ಕೆ ಕಾರಣವೂ ಇಲ್ಲ.

ಬಳ್ಳಾರಿ ನಗರಕ್ಕೆ ಹತ್ತಿರದ ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡಗಳಲ್ಲಿ ಆ ಜನರ ಬದುಕು ಇನ್ನಷ್ಟು ತೆರೆದು ಕಾಣುತ್ತದೆ. ಸುಬ್ಬರಾವ್ ಅವರು 1940ರ ದಶಕದಲ್ಲಿ ಅಲ್ಲಿ ಅಗೆದರು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ವಿದೇಶದ ಅವರ ಸಂಗಡಿಗರು ಕೆಲಸ ಮುಂದುವರಿಸಿದರು. ಮಣ್ಣು ತೊಳೆದು ಸೋಸಿದಾಗ ಸಿಕ್ಕ ಸುಟ್ಟ ಕಾಳುಗಳು ಯಾವುವು ಗೊತ್ತೆ? ಹುರುಳಿ, ಹೆಸರು, ಕೊರಲೆ. ಇಂದಿಗೂ ನಮ್ಮ ಹೊಲದಲ್ಲಿ ಬೆಳೆಯುವ ಕಾಳುಗಳೇ. ಹಿರೇಗುಡ್ಡದ ಕರಿಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಬಂಡೆಗಳ ಮೇಲೆ ಭುಜವಿರುವ, ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಬಿಡಿಸಿದ್ದಾರೆ. ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಅಲ್ಲಿವೆ, ಬಡಿದು ಬಡಿದು ಸವೆದ ಗುಳಿಗಳೂ ಇವೆ. ಕಲ್ಲು ಕ್ವಾರಿಯಿಂದ ಈ ಗುಡ್ಡಗಳಿಗೆ ಬಂದ ಕುತ್ತು ಸಣ್ಣದಲ್ಲ.

ಬೂದಿಗುಡ್ಡಗಳ ಗತಿಯೂ ಅಷ್ಟೆ. ರಸ್ತೆಗೆ, ಮನೆಗೆ, ಹೊಲಕ್ಕೆ ಅಂತ ಎಷ್ಟೋ ದಿಬ್ಬ ಕರಗಿವೆ. ಬೂದಿ ಹಾಕಿದರೆ ಬೆಳೆ ಚೆನ್ನಾಗಿ ಬರುತ್ತದೆ ಅಂತ ಹಿರಿಯರು ಗಾಡಿಗಟ್ಟಲೆ ಹೊಡೆದರು, ನಾವೂ ಹುಡುಗರಾಗಿದ್ದಾಗ ಆ ಗಾಡಿ ಹತ್ತಿ ಕುಣಿದವರೇ. ಅವರನ್ನು ದೂರುವುದು ಬೇಡ, ಇದು ಏನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಮಗೆ ಈಗ ಗೊತ್ತಾಗಿದೆ. ಗೊತ್ತಾದ ಮೇಲೂ ಸುಮ್ಮನಿದ್ದರೆ ಅದು ನಮ್ಮ ತಪ್ಪು.

ಸದಸ್ಯ ಬಾಂಧವರೆ, ಒಂದು ಮನೆಯ ನಾಲ್ಕು ದನದ ಸಗಣಿಯಿಂದ ಇಂಥ ಗುಡ್ಡ ಏಳುವುದಿಲ್ಲ. ನೂರಾರು ಜನ ತಮ್ಮ ತಮ್ಮ ಪಾಲು ತಂದು ಒಂದೇ ಕಡೆ ಹಾಕಿರಬೇಕು. ಒಬ್ಬೊಬ್ಬರು ಒಂದೆರಡು ಲೀಟರ್ ತಂದು ಡೇರಿ ಕ್ಯಾನು ತುಂಬಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲ ಉಳುವಾಗ ನಯವಾದ ಕಲ್ಲಿನ ಕೊಡಲಿ, ಹಳೇ ಬೋಕಿ ಸಿಕ್ಕರೆ ಬಿಸಾಡಬೇಡಿ, ಮಾರಲೂ ಬೇಡಿ. ಶಾಲೆಯ ಮಾಸ್ತರಿಗೆ ತೋರಿಸಿ, ಪುರಾತತ್ವ ಇಲಾಖೆಗೆ ತಿಳಿಸಿ. ಬಳ್ಳಾರಿಗೆ ಹೋದಾಗ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಬೂದಿಗುಡ್ಡದ ಮಣ್ಣಿಗೆ ಗುದ್ದಲಿ ಹಾಕುವವರನ್ನು ಕಂಡರೆ ಒಂದು ಮಾತು ಹೇಳಿ.

ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿತು. ನಮ್ಮ ಸೀಮೆಯಲ್ಲಿ ದನ ಕಟ್ಟುವವರು ಒಟ್ಟು ಕೂಡಿ ನಾಲ್ಕು ಸಾವಿರ ವರ್ಷ ದಾಟಿದೆ. ಆ ಲೆಕ್ಕದ ಪುಸ್ತಕ ಅಲ್ಲಿ ರಸ್ತೆ ಬದಿಯಲ್ಲಿ ಬಿದ್ದಿದೆ, ಅದನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಕೈಲಿದೆ. ಸಂಘಕ್ಕೂ ಸದಸ್ಯರ ದನಕರುಗಳಿಗೂ ಒಳ್ಳೆಯದಾಗಲಿ.