ಚನ್ನಪಟ್ಟಣದ ಬೊಂಬೆಯ ಹೆಸರು ಮತ್ತು ಅದರ ರಕ್ಷಣೆ

ಒಂದು ಊರಿನ ಹೆಸರು ಅಲ್ಲಿಯ ಕಸಬಿನೊಡನೆ ಬೆರೆತು ದೇಶಾಂತರಗಳಲ್ಲಿ ಪ್ರಸಿದ್ಧವಾಗುವುದು ಆ ಊರಿಗೆ ಕೀರ್ತಿಯೇ ಸರಿ. ಆದರೆ ಕೀರ್ತಿ ಬೆಳೆದಲ್ಲಿ ಅನುಕರಣವೂ ಬೆಳೆಯುವುದುಂಟು. ಬೇರೆಲ್ಲಿಯೋ ಮಾಡಿದ ವಸ್ತುವು ಅದೇ ಹೆಸರಿನಿಂದ ಪೇಟೆಗೆ ಬಂದರೆ ಮೂಲ ಕಸಬುದಾರನ ಶ್ರಮದ ಫಲವು ಪರರ ಪಾಲಾಗುವುದು. ಹೊಲಕ್ಕೆ ಬೇಲಿಯಿರುವಂತೆ ಹೆಸರಿಗೂ ಬೇಲಿಯುಂಟೆ? ಉಂಟಾದರೆ ಅದನ್ನು ಕಾಯತಕ್ಕವರು ಯಾರು? ಚನ್ನಪಟ್ಟಣದ ಬೊಂಬೆಗಳ ಚರಿತ್ರೆಯು ಈ ಪ್ರಶ್ನೆಗಳಿಗೆ ಒಂದು ಉತ್ತರವನ್ನು ಕೊಡುತ್ತದೆ.

ಟಿಪ್ಪೂಸುಲ್ತಾನನು ಪಾರಸಿಕ ದೇಶದ ಕುಶಲಿಗಳನ್ನು ಕರೆಯಿಸಿ ಈ ಕಸಬನ್ನು ಇಲ್ಲಿ ನೆಲೆಗೊಳಿಸಿದನೆಂದು ಜನರು ಹೇಳುತ್ತ ಬಂದಿದ್ದಾರೆ. ತರುವಾಯ ಬಾವಾಸ್ ಮಿಯಾ ಎಂಬವರು ಜಪಾನಿನ ಕ್ರಮವನ್ನು ಅಳವಡಿಸಿ ಇದನ್ನು ಉತ್ತಮಪಡಿಸಿದರೆಂದು ಪ್ರತೀತಿಯುಂಟು. ಹಾಲೆಮರದ ತುಂಡನ್ನು ತಿರುಗಣೆಗೆ ಸಿಕ್ಕಿಸಿ, ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಕಾವಿನಿಂದ ಅರಗು ಕರಗಿ ಮರಕ್ಕೆ ಹತ್ತುವುದು. ಬಳಿಕ ಗರಿಯಿಂದ ತಿಕ್ಕಿ ಹೊಳಪನ್ನು ತರುವರು. ಈ ಕೈಚಳಕವೇ ಇಲ್ಲಿಯ ಬಂಡವಾಳ; ಆ ಬಂಡವಾಳದ ಗುರುತೇ ಊರಿನ ಹೆಸರು.

ಇಂತಹ ಹೆಸರುಗಳನ್ನು ಕಾಯುವ ಯೋಚನೆ ಮೊದಲು ಬಲವಾದುದು ಯೂರೋಪಿನಲ್ಲಿ. 1883ರ ಪ್ಯಾರಿಸ್ ಒಡಂಬಡಿಕೆಯೂ, ಉತ್ಪತ್ತಿಸ್ಥಾನವನ್ನು ಸುಳ್ಳಾಗಿ ಹೇಳಿ ಮಾರುವುದನ್ನು ತಡೆಯಲೆಂದೇ ಏರ್ಪಟ್ಟ 1891ರ ಮ್ಯಾಡ್ರಿಡ್ ಒಪ್ಪಂದವೂ ಇದಕ್ಕೆ ಅಡಿಗಲ್ಲುಗಳು. 1897ರಲ್ಲಿ ಬ್ರಸೆಲ್ಸ್ ನಗರದಲ್ಲಿ ಇಂತಹ ಸ್ವತ್ತುಗಳ ರಕ್ಷಣೆಗಾಗಿ ಅಂತರರಾಷ್ಟ್ರೀಯ ಸಂಘವೊಂದು ಹುಟ್ಟಿತು. ಅದರ ಶಾಖೆಗಳಾಗಿ ನಾನಾ ದೇಶಗಳಲ್ಲಿ ರಾಷ್ಟ್ರೀಯ ಸಂಘಗಳು ಬೆಳೆದುವು. ಹೊಸ ಯಂತ್ರವನ್ನು ಕಂಡುಹಿಡಿದವನಿಗೆ ಪೇಟೆಂಟು, ಗ್ರಂಥಕರ್ತನಿಗೆ ಕೃತಿಸ್ವಾಮ್ಯ, ವರ್ತಕನಿಗೆ ವ್ಯಾಪಾರ ಮುದ್ರೆ ಇರುವುವು. ಆದರೆ ತಲೆಮಾರುಗಳಿಂದ ಒಂದು ಊರೆಲ್ಲ ಕೂಡಿ ಗಳಿಸಿದ ಹೆಸರಿಗೆ ಒಬ್ಬನೇ ಒಡೆಯನಿಲ್ಲ. ಆದುದರಿಂದ ಅದನ್ನು ಕಾಯಲು ಬೇರೆ ವಿಧದ ಕಾಯಿದೆಯೇ ಬೇಕಾಯಿತು.

1995ರಲ್ಲಿ ಜಾರಿಗೆ ಬಂದ ವಿಶ್ವವ್ಯಾಪಾರ ಸಂಸ್ಥೆಯ ಒಪ್ಪಂದವು ಈ ಹೆಸರುಗಳನ್ನು ಭೌಗೋಳಿಕ ಸೂಚಕಗಳೆಂದು ಕರೆದು ರಕ್ಷಣೆ ಕೊಟ್ಟಿತು. ಆದರೆ ತವರಿನಲ್ಲಿಯೇ ರಕ್ಷಣೆಯಿಲ್ಲದ ಹೆಸರನ್ನು ಇತರ ದೇಶಗಳು ಕಾಯಬೇಕಾದುದಿಲ್ಲವೆಂದು ಅದರಲ್ಲಿ ವಿಧಿಸಿತ್ತು. ಇಷ್ಟರಲ್ಲಿ, 1997ರಲ್ಲಿ, ಬಾಸುಮತಿ ಅಕ್ಕಿಯ ವಿಷಯವಾಗಿ ಅಮೆರಿಕದ ಕಂಪೆನಿಯೊಂದಕ್ಕೆ ಪೇಟೆಂಟು ದೊರೆತು ದೇಶವೆಲ್ಲ ಎಚ್ಚತ್ತಿತು. 1999ರಲ್ಲಿ ಭಾರತದ ಪಾರ್ಲಿಮೆಂಟು ಭೌಗೋಳಿಕ ಸೂಚಕಗಳ ಕಾಯಿದೆಯನ್ನು ಮಾಡಿತು. 2003ರ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂದಿತು. ನೋಂದಣಿಯ ಕಚೇರಿಯು ಚೆನ್ನೈಯಲ್ಲಿ ಸ್ಥಾಪಿತವಾಯಿತು. ಮೊದಲು ನೋಂದಣಿಯಾದುದು ದಾರ್ಜಿಲಿಂಗ್ ಚಹಾ. 2005-06ನೇ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆಗಳಿಗೂ ಆ ಮನ್ನಣೆ ದೊರೆಯಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮೈಸೂರು ಅಗರಬತ್ತಿಯ ಹೆಸರನ್ನು ನೋಂದಣಿ ಮಾಡಿಸಿದುದು ತಯಾರಕರೇ ಕಟ್ಟಿಕೊಂಡ ಅಖಿಲ ಭಾರತ ಅಗರಬತ್ತಿ ತಯಾರಕರ ಸಂಘ. ಚನ್ನಪಟ್ಟಣದ ಬೊಂಬೆಗಳ ಹೆಸರನ್ನು ನೋಂದಣಿ ಮಾಡಿಸಿದುದಾದರೋ ಸರಕಾರದ ಕರಕುಶಲ ಅಭಿವೃದ್ಧಿ ನಿಗಮ. ನಿಗಮವು ಹೆಸರಿನ ಧರ್ಮದರ್ಶಿಯಿದ್ದಂತೆ. ಕಾಯಿದೆಯ ಪ್ರಕಾರ ಆ ಹೆಸರನ್ನು ಮಾರುವಂತೆಯೂ ಇಲ್ಲ, ಒತ್ತೆಯಿಡುವಂತೆಯೂ ಇಲ್ಲ. ಕೆಲಸಗಾರನು ಅಧಿಕೃತ ಬಳಕೆದಾರನೆಂದು ತನ್ನ ಹೆಸರನ್ನು ಬೇರೆಯಾಗಿ ಬರೆಯಿಸಿಕೊಂಡಾಗಲೇ ಆ ಹಕ್ಕು ಅವನ ಕೈಗೆ ಬರುವುದು. ಸುಳ್ಳು ಹೆಸರನ್ನು ಬಳಸಿದವನಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆಮನೆವಾಸವೂ, 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡವೂ ಉಂಟು. ಆದರೆ ಈ ಬೇಲಿಯು ಹೆಸರಿಗೆ ಮಾತ್ರ. ಅಂತಹುದೇ ಬೊಂಬೆಯನ್ನು ಬೇರೆ ಹೆಸರಿನಿಂದ ಮಾರುವವನನ್ನು ಅದು ತಡೆಯಲಾರದು.

ಕಾಗದದ ಮೇಲಿನ ಈ ನೋಂದಣಿಯಿಂದ ತಿರುಗಣೆಯ ಮುಂದೆ ಕುಳಿತವನಿಗೆ ಬಂದ ಲಾಭವೇನೆಂದು ಕೇಳುವವರುಂಟು. ಉತ್ತರವು ಅನಿರೀಕ್ಷಿತವಾದ ದಿಕ್ಕಿನಿಂದ ಬಂದಿತು. ಆಟಿಕೆಗಳೆಲ್ಲವೂ ಸರಕಾರದ ಗುಣಮಟ್ಟದ ಮುದ್ರೆಯನ್ನು ಪಡೆದೇ ಮಾರಾಟವಾಗತಕ್ಕದ್ದೆಂಬ ಆಜ್ಞೆಯು 2021ರ ಜನವರಿ 1ರಿಂದ ಜಾರಿಗೆ ಬಂದಿತು. ಪರೀಕ್ಷೆಯ ವೆಚ್ಚವನ್ನು ದೊಡ್ಡ ಕಾರ್ಖಾನೆಯು ಹೊರಬಲ್ಲುದು. ಮನೆಯ ಪಡಸಾಲೆಯಲ್ಲಿ ಕೆಲಸ ಮಾಡುವವನು ಹೊರುವುದೆಂತು? 2020ರ ಡಿಸೆಂಬರಿನ ತಿದ್ದುಪಡಿಯು ಇಬ್ಬಗೆಯವರಿಗೆ ವಿನಾಯಿತಿಯನ್ನು ಕೊಟ್ಟಿತು: ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಣಿಯಾದ ಕುಶಲಕರ್ಮಿಗಳು, ಭೌಗೋಳಿಕ ಸೂಚಕದ ನೋಂದಾಯಿತ ಒಡೆಯರು ಮತ್ತು ಅಧಿಕೃತ ಬಳಕೆದಾರರು. ಅಲಂಕಾರವೆಂದು ತಿಳಿದಿದ್ದುದು ಅನ್ನದ ಪ್ರಶ್ನೆಯಾಯಿತು. ಎರಡು ಪಟ್ಟಿಗಳಲ್ಲಿಯೂ ಹೆಸರಿಲ್ಲದವನು, ಅವನ ಕೈ ಎಷ್ಟೇ ಪಳಗಿದ್ದರೂ, ಕಾಯಿದೆಯ ಕಣ್ಣಿಗೆ ಹೊರಗಿನವನೇ ಆಗುವನು.

ನೋಂದಣಿಯ ಅವಧಿ 10 ವರ್ಷ; ಕಾಲಕಾಲಕ್ಕೆ ಅದನ್ನು ನವೀಕರಿಸಬೇಕು. ಅರ್ಜಿಯನ್ನು ಬರೆಯುವ, ದಾಖಲೆಗಳನ್ನು ಹೊಂದಿಸುವ ಕೆಲಸ ಉಳಿ ಹಿಡಿದ ಕೈಗೆ ಸುಲಭವಲ್ಲ. ನಮ್ಮ ಜಿಲ್ಲೆಯ ವಿದ್ಯಾವಂತರು ಈ ಭಾಷಾಭಾರವನ್ನಾದರೂ ಹೊತ್ತರೆ ಅದು ಬೊಂಬೆಯನ್ನು ಹೊಗಳುವುದಕ್ಕಿಂತ ಹೆಚ್ಚಿನ ಉಪಕಾರವಾದೀತು. ಊರಿನ ಹೆಸರನ್ನು ಕಾಯುವುದೆಂದರೆ, ಆ ಹೆಸರನ್ನು ತಂದುಕೊಟ್ಟವರ ಹೆಸರುಗಳನ್ನು ಒಂದೊಂದಾಗಿ ಪಟ್ಟಿಗೆ ಸೇರಿಸುವುದೇ ಅಲ್ಲವೆ?