ಮುಯ್ಯಿಯ ದಿನ ಮತ್ತು ಶತ್ರುವಿಗಾಗಿ ಪ್ರಾರ್ಥನೆ: ಸಿಪ್ರಿಯನನ ತಾಳ್ಮೆಯ ವಿಚಾರ

ಕ್ರಿ.ಶ. 3ನೆಯ ಶತಮಾನದ ಕಾರ್ಥೇಜಿನ ಕ್ರೈಸ್ತ ಬರಹಗಳಲ್ಲಿ ತಾಳ್ಮೆಗೆ ದೊಡ್ಡ ಸ್ಥಾನವಿದೆ ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ತೆರ್ತುಲಿಯನ್ ಅದರ ಮೇಲೆ ಒಂದು ಗ್ರಂಥವನ್ನೇ ಬರೆದ. ಸುಮಾರು ಅರ್ಧ ಶತಮಾನದ ನಂತರ, 256ರಲ್ಲಿ, ಬಿಷಪ್ ಸಿಪ್ರಿಯನ್ ಆ ಗ್ರಂಥದ ಜಾಡು ಹಿಡಿದು 'ತಾಳ್ಮೆಯ ಒಳಿತು' ರಚಿಸಿದ. ಆದಿಸಭೆ ಬೆಳೆದದ್ದೇ ಈ ಗುಣದ ಬಲದಿಂದ ಎಂದು ಆಲನ್ ಕ್ರೈಡರ್ 2016ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ತಕರಾರು ಹುಟ್ಟುವುದು, ಈ ತಾಳ್ಮೆ ಯಾವುದಕ್ಕಾಗಿ ಕಾಯುತ್ತಿತ್ತು ಎಂದು ಕೇಳಿದಾಗ.

ಹಿಂಸಕರು ಬೆಂಕಿಯಲ್ಲಿ ಬೇಯುವುದನ್ನು ನೋಡಿ ಹಿಗ್ಗುವ ತೆರ್ತುಲಿಯನನ ಕುಖ್ಯಾತ ಭಾಗವನ್ನು ನೀಚೆ 1887ರಲ್ಲಿ ಎತ್ತಿ ತೋರಿಸಿ, ಕ್ರೈಸ್ತ ಪ್ರೀತಿಯ ಅಡಿಯಲ್ಲಿ ಅಡಗಿರುವುದು ದ್ವೇಷವೇ ಎಂದ. ಅವನದು ಮೊಕದ್ದಮೆ ಹೂಡುವವನ ಓದು. ಕ್ರಿಸ್ಟರ್ ಸ್ಟೆಂಡಾಲ್ ಅವರದು ಹಾಗಲ್ಲ; ಆದ್ದರಿಂದಲೇ ಅದಕ್ಕೆ ಉತ್ತರ ಕೊಡುವುದು ಕಷ್ಟ. 1962ರ ಲೇಖನದಲ್ಲಿ ಅವರು ಕುಮ್ರಾನಿನ ಪಂಗಡದ ನಿಯಮಾವಳಿಯನ್ನೂ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯವನ್ನೂ ಜೊತೆಗಿಟ್ಟು ಓದಿದರು. ಮುಯ್ಯಿ ತೀರಿಸುವುದು ದೇವರ ಕೆಲಸ, ಅದು ಖಚಿತ. ಆದ್ದರಿಂದ ಮನುಷ್ಯ ಕೈಯೆತ್ತಬೇಕಾಗಿಲ್ಲ ಎಂಬುದೇ ಎರಡರ ತರ್ಕವೆಂದರು. ಸಿಪ್ರಿಯನ್ ಅವರ ವಿಷಯವಾಗಿರಲಿಲ್ಲ. ಆದರೂ ಅವರ ಸೂತ್ರ ಈ ಬಿಷಪ್ಪನಿಗೆ ಅಳತೆ ತೆಗೆದು ಹೊಲಿದಂತೆ ಕೂರುತ್ತದೆ. 'ದೆಮೆತ್ರಿಯಾನನಿಗೆ' ಎಂಬ ಬರಹದ 17ನೆಯ ಅಧ್ಯಾಯದಲ್ಲಿ, ದಂಡನೆ ಬಂದೇ ಬರುತ್ತದೆಂಬ ಭರವಸೆಯೇ ನಮ್ಮನ್ನು ತಾಳ್ಮೆಯವರನ್ನಾಗಿಸಿದೆ ಎಂದು ಆತ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. 'ತಾಳ್ಮೆಯ ಒಳಿತು' ಮುಗಿಯುವುದೂ ಮುಯ್ಯಿಯ ದಿನದ ವರ್ಣನೆಯಲ್ಲೇ.

ಈ ಪುರಾವೆಯನ್ನು ಮೃದುಗೊಳಿಸುವುದು ನನ್ನ ಉದ್ದೇಶವಲ್ಲ. ಕೇಳಬೇಕಾದದ್ದು ಇಷ್ಟೇ: ಆ ದಿನದ ಮಾತನ್ನು ಆತ ಯಾರಿಗೆ ಹೇಳುತ್ತಿದ್ದಾನೆ? 'ತಾಳ್ಮೆಯ ಒಳಿತು' ಗ್ರಂಥದ 21ನೆಯ ಅಧ್ಯಾಯ ಆರಂಭವಾಗುವುದೇ, ನೋವು ತಿಂದು ಬೇಗನೆ ಸೇಡು ತೀರಲಿ ಎಂದು ಹಾತೊರೆಯುತ್ತಿರುವ ಸಭೆಯವರು ಬಹಳ ಮಂದಿ ಇದ್ದಾರೆ ಎಂಬ ಒಪ್ಪಿಗೆಯಿಂದ. ರೋಮನ್ ಚಕ್ರವರ್ತಿ ಡೀಸಿಯಸನ ಹಿಂಸೆಯನ್ನು ಕಂಡಿದ್ದ ಜನ ಅವರು. ಅವರ ಅವಸರಕ್ಕೆ ಕಡಿವಾಣ ಹಾಕಲು ಆತ ಅವರದೇ ಆಸೆಯನ್ನು ಬಳಸುತ್ತಾನೆ: ಕ್ರಿಸ್ತನೇ ಇನ್ನೂ ಮುಯ್ಯಿ ತೀರಿಸಿಕೊಂಡಿಲ್ಲ, ನಿಮಗೇನು ಆತುರ? ಇದು ಪಾಲಕನ ಜಾಣತನ. ಇದನ್ನೇ ಆತನ ಇಡೀ ಸಿದ್ಧಾಂತವೆಂದು ಎಣಿಸಲಾಗದು.

ಹಾಗಾದರೆ ಈ ಕಾಯುವಿಕೆಯ ಅವಧಿ ಯಾತಕ್ಕೆ? 8ನೆಯ ಅಧ್ಯಾಯದಲ್ಲಿ ಉತ್ತರವಿದೆಯೆಂದು ನನ್ನ ತಿಳಿವಳಿಕೆ. ಕ್ರಿಸ್ತನ ರಕ್ತ ಸುರಿಸಿದವನಿಗೂ ಅದೇ ರಕ್ತದಿಂದ ಜೀವ ದೊರೆಯುತ್ತದೆ ಎಂದು ಹೇಳಿದ ಬೆನ್ನಿಗೇ ಸಿಪ್ರಿಯನ್ ಇನ್ನೊಂದು ಮಾತು ಸೇರಿಸುತ್ತಾನೆ: ಕ್ರಿಸ್ತನ ತಾಳ್ಮೆ ಅಷ್ಟು ದೊಡ್ಡದಾಗಿರದಿದ್ದರೆ ಸಭೆಗೆ ಪೌಲನೆಂಬ ಅಪೊಸ್ತಲನೇ ಸಿಗುತ್ತಿರಲಿಲ್ಲ. 16ನೆಯದರಲ್ಲಿ ಸ್ತೆಫನ ಬರುತ್ತಾನೆ. ಕಲ್ಲೆಸೆಯುವವರ ಮೇಲೆ ಸೇಡು ಬೇಡದೆ ಅವರಿಗೆ ಕ್ಷಮೆ ಬೇಡುತ್ತಾನೆ. ಆ ಕಲ್ಲೆಸೆಯುವವರ ಬಟ್ಟೆ ಕಾದು ನಿಂತಿದ್ದವನು ಪೌಲನೇ, ಆಗ ಸೌಲ. ಎರಡನ್ನೂ ಕೂಡಿಸಿದರೆ, ದೇವರು ತಡಮಾಡುವುದು ವೈರಿ ವೈರಿಯಾಗಿ ಉಳಿಯದಿರಲಿ ಎಂದು, ಪ್ರಾರ್ಥನೆ ಕೆಲಸ ಮಾಡುವುದು ಆ ಬಿಡುವಿನಲ್ಲಿ ಎಂದಾಗುತ್ತದೆ. ಮುಯ್ಯಿಯ ದಿನ ಸುಳ್ಳಾಗುವುದಿಲ್ಲ. ಅಂದು ದಂಡನೆಗೆ ಗುರಿಯಾಗುವವರು ಕಡಿಮೆಯಾಗಲಿ ಎಂಬುದು ಪ್ರಾರ್ಥನೆಯ ಆಶಯ.

ಇಲ್ಲಿ ಎಚ್ಚರ ಬೇಕು. ಸಿಪ್ರಿಯನ್ ಸ್ವತಃ ಈ ಎರಡು ಅಧ್ಯಾಯಗಳನ್ನು ಜೋಡಿಸುವುದಿಲ್ಲ. ಸ್ತೆಫನ ಪ್ರಾರ್ಥಿಸಿರದಿದ್ದರೆ ಪೌಲನಿರುತ್ತಿರಲಿಲ್ಲ ಎಂದು ಬಾಯಿಬಿಟ್ಟು ಹೇಳಿದವನು ಮುಂದಿನ ಅಗಸ್ಟೀನ್. ಆತನ ಮಾತನ್ನು ಹಿಂದಕ್ಕೆ ಹೊತ್ತು ತಂದು ಸಿಪ್ರಿಯನನ ಬಾಯಿಗಿಡುವ ಅಪಾಯ ನನ್ನ ವಾದಕ್ಕೂ ಇದೆ. ಆದರೆ ಕರ್ತನ ಪ್ರಾರ್ಥನೆಯ ಮೇಲಿನ ಆತನದೇ ವ್ಯಾಖ್ಯಾನ (17) ನೆರವಿಗೆ ಬರುತ್ತದೆ. ಪರಲೋಕದಲ್ಲಿ ನೆರವೇರುವಂತೆ ಭೂಲೋಕದಲ್ಲಿಯೂ ಎಂಬಲ್ಲಿ ಭೂಮಿಯೆಂದರೆ ಇನ್ನೂ ನಂಬದವರು ಎಂದು ಅರ್ಥೈಸಿ, ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕೆಂಬ ಆಜ್ಞೆಯನ್ನು ಆತ ಅದಕ್ಕೇ ಕಟ್ಟುತ್ತಾನೆ. ದಿನವೂ ಹೇಳುವ ಪ್ರಾರ್ಥನೆಯೊಳಗೇ ವೈರಿಗೆ ಜಾಗವಾಯಿತು. ದೆಮೆತ್ರಿಯಾನನಿಗೆ ಬರೆದದ್ದರ ಕೊನೆಯಲ್ಲೂ (25) ನಿಮ್ಮ ದ್ವೇಷಕ್ಕೆ ನಾವು ಒಲವನ್ನೂ, ಕೊಟ್ಟ ಚಿತ್ರಹಿಂಸೆಗೆ ರಕ್ಷಣೆಯ ದಾರಿಯನ್ನೂ ಹಿಂದಿರುಗಿಸುತ್ತೇವೆ ಎನ್ನುತ್ತಾನೆ. ಬರಗಾಲ, ಪಿಡುಗುಗಳಿಗೆಲ್ಲ ಕ್ರೈಸ್ತರೇ ಕಾರಣವೆಂದವನಿಗೆ ಕೊಟ್ಟ ಉತ್ತರವಿದು. ಸಮರ್ಥನೆಯ ಬರಹವಾದ್ದರಿಂದ ಇದನ್ನು ಸ್ವಲ್ಪ ತೂಗಿಯೇ ನೋಡಬೇಕು. ಪಿಡುಗಿನ ದಿನಗಳಲ್ಲಿ ನಮ್ಮವರನ್ನಷ್ಟೇ ಉಪಚರಿಸಿದರೆ ಹೆಚ್ಚುಗಾರಿಕೆಯೇನು ಎಂದು ಆತ ಸಭೆಯನ್ನು ಕೇಳಿದ್ದಾಗಿ ಡೀಕನ್ ಪೊಂತಿಯಸ್ ಬರೆದಿದ್ದಾನೆ, ಆದರೆ ಪೊಂತಿಯಸ್ ಭಕ್ತ ಚರಿತ್ರಕಾರ.

ಆದ್ದರಿಂದ ಸ್ಟೆಂಡಾಲರ ಸೂತ್ರ ಸಿಪ್ರಿಯನನಲ್ಲಿ ತಪ್ಪಲ್ಲ, ಅರ್ಧ. ಉಳಿದರ್ಧವೂ ಎಲ್ಲ ವೈರಿಗಳಿಗೆ ಸಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಪಾಷಂಡಿಗಳ ದೀಕ್ಷಾಸ್ನಾನದ ವಿಚಾರದಲ್ಲಿ ರೋಮಿನ ಬಿಷಪ್ ಸ್ಟೀಫನನೊಡನೆ ಜಗಳ ಕಾವೇರಿದ್ದಾಗ, ಸಹೋದ್ಯೋಗಿಗಳೊಡನೆ ಸಮಾಧಾನ ಕೆಡದಿರಲೆಂದೇ 'ತಾಳ್ಮೆಯ ಒಳಿತು' ಪುಸ್ತಿಕೆ ಬರೆದೆನೆಂದು 73ನೆಯ ಪತ್ರದಲ್ಲಿ ಆತನೇ ಹೇಳುತ್ತಾನೆ. ಆದರೆ ಪುಸ್ತಿಕೆಯ 21ನೆಯ ಅಧ್ಯಾಯದಲ್ಲಿ ಪಾಷಂಡಿಗಳು ಯೆಹೂದ್ಯರ, ಅನ್ಯಧರ್ಮೀಯರ ಸಾಲಿನಲ್ಲೇ ಪೀಡಕರಾಗಿ ನಿಲ್ಲುತ್ತಾರೆ. 'ಇನ್ನೂ ನಂಬದವರು' ಎಂಬ ವಿವರಣೆ ಅವರಿಗೆ ಹೊಂದುವುದಿಲ್ಲ. ಅವರು ನಂಬಿ ಬೇರೆಯಾದವರು. ಸ್ತೆಫನನ ಪ್ರಾರ್ಥನೆಯನ್ನು ಆತ ಅವರವರೆಗೂ ಚಾಚಿದನೇ ಎಂಬುದಕ್ಕೆ ಇಲ್ಲಿ ನೋಡಿದ ಮೂರು ಬರಹಗಳು ಸಾಲವು. ಭಿನ್ನಮತೀಯರ ಬಗ್ಗೆ ಆತ ಬರೆದ ಪತ್ರಗಳನ್ನು ಈ ಒಂದೇ ಪ್ರಶ್ನೆಯಿಟ್ಟು ಓದಬೇಕಾಗಿದೆ.