ಮೆರಿಟ್ಟಿನ ಅಳತೆಗೋಲು ಯಾರ ಕೈಲಿತ್ತು?

1856ನೇ ಇಸವಿ, ಜೂನ್ ತಿಂಗಳು. ಧಾರವಾಡದ ಸರ್ಕಾರಿ ಶಾಲೆ ಒಬ್ಬ ಮಹಾರ್ ಹುಡುಗನನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಹುಡುಗ ಸುಮ್ಮನಾಗಲಿಲ್ಲ. ಎಲ್ಲರಂತೆ ಫೀಜು ಕಟ್ಟಲು ತಯಾರಿದ್ದೇನೆ, ಆದರೂ ನನಗೆ ಶಾಲೆ ಇಲ್ಲ ಎಂದು ಮುಂಬಯಿ ಸರ್ಕಾರಕ್ಕೇ ಅರ್ಜಿ ಹಾಕಿದ. ಸರ್ಕಾರ ಏನಂದಿತು? ನ್ಯಾಯವೇನೋ ಅರ್ಜಿದಾರನ ಕಡೆಗಿರಬಹುದು, ಆದರೆ ಒಬ್ಬನಿಗಾಗಿ ತಲೆತಲಾಂತರದ ಪೂರ್ವಗ್ರಹವನ್ನು ಎದುರು ಹಾಕಿಕೊಂಡರೆ ಉಳಿದವರಿಗೆ ಶಾಲೆಯೇ ಇಲ್ಲದಂತಾದೀತು ಅಂದಿತು. ಬಾಬಾಸಾಹೇಬರು ಈ ಪ್ರಕರಣವನ್ನು ದಾಖಲಿಸಿದ್ದಾರೆ. ಸರ್ಕಾರಿ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕೆಂಬ ಮಾತು 1858ರಲ್ಲಿ ಬಂತು. ಮಾತು ಬಂತು ಅಷ್ಟೆ. ಕೂರಲು ಜಾಗ ಸಿಗಲು ದಶಕಗಳೇ ಹಿಡಿದವು.

ಆ ಹುಡುಗನ ಬುದ್ಧಿ ಎಷ್ಟು, ಅಂಕ ಎಷ್ಟು ಅಂತ ಯಾರೂ ಕೇಳಲಿಲ್ಲ. ಹುಟ್ಟೇ ಆಗ ಅರ್ಹತೆ. ಮೀಸಲಾತಿ ಅಂದ ಕೂಡಲೆ ‘ಮೆರಿಟ್ ಹಾಳಾಯ್ತು’ ಅಂತ ಬೊಬ್ಬೆ ಹಾಕುವವರು ಈ ಚರಿತ್ರೆ ಓದಿಲ್ಲ, ಇಲ್ಲವೆ ಓದಿ ಮುಚ್ಚಿಟ್ಟಿದ್ದಾರೆ. ಬರೀ ಅಂಕವೇ ಕಾಲೇಜಿನ ಸೀಟು ಹಂಚಿದ ಕಾಲ ಯಾವುದಾದರೂ ಇತ್ತೆ? ನಮ್ಮ ರಾಜ್ಯದ ದಾಖಲೆಯನ್ನೇ ತೆಗೆದು ನೋಡೋಣ.

1962ರಲ್ಲಿ ಮೈಸೂರು ಸರ್ಕಾರ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ಶೇಕಡ 68 ಸೀಟು ಮೀಸಲಿಟ್ಟಿತು. ಹಿಂದುಳಿದವರಿಗೆ 50, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಇದು ಅತಿಯಾಯಿತೆಂದು ಸುಪ್ರೀಂ ಕೋರ್ಟು ಅದೇ ವರ್ಷ ಬಾಲಾಜಿ ಮೊಕದ್ದಮೆಯಲ್ಲಿ ಆದೇಶವನ್ನು ಹೊಡೆದುಹಾಕಿತು. ಮರುವರ್ಷ ಸರ್ಕಾರ ಇಂಟರ್‌ವ್ಯೂ ತಂದಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಕಾಲು ಭಾಗದಷ್ಟು ಅಂಕ ಅದಕ್ಕೆ. ಅಲ್ಲಿ ನೋಡುತ್ತಿದ್ದದ್ದೇನು? ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟೋಟ, ಚರ್ಚೆ, ನಾಟಕ. ಹಗಲು ಕೂಲಿ ಮಾಡಿ ರಾತ್ರಿ ಬುಡ್ಡಿದೀಪದಲ್ಲಿ ಓದಿದವನ ವ್ಯಕ್ತಿತ್ವಕ್ಕೆ ಈ ಪಟ್ಟಿಯಲ್ಲಿ ಜಾಗ ಎಲ್ಲಿ? ಪೇಟೆಯ ಶಾಲೆಯಲ್ಲಿ ಡಿಬೇಟು ಮಾಡಿದವನಿಗೆ ಅದೇ ಅಂಕವಾಯಿತು. ಹೋಬಳಿ ಶಾಲೆಯಲ್ಲಿ ಎನ್.ಸಿ.ಸಿ.ಯೇ ಇಲ್ಲದಿದ್ದರೆ ತಪ್ಪು ಹುಡುಗನದೆ? 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಇಂಟರ್‌ವ್ಯೂ ಪದ್ಧತಿಯನ್ನು ಎತ್ತಿಹಿಡಿಯಿತು.

ಆಮೇಲೆ ಡೊನೇಷನ್ ಕಾಲ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಖಾಸಗಿ ಕಾಲೇಜುಗಳ ಸೀಟು ಸಂತೆಯ ಸರಕಾಯಿತು. ಕ್ಯಾಪಿಟೇಷನ್ ನಿಷೇಧಿಸಿ ಕರ್ನಾಟಕ 1984ರಲ್ಲಿ ಕಾನೂನು ಮಾಡಿತು. ಅದೇ ಕಾನೂನಿನಡಿ 1989ರಲ್ಲಿ ಬಂದ ಅಧಿಸೂಚನೆ ನೋಡಿ: ಖಾಸಗಿ ಮೆಡಿಕಲ್ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಿಗೆ ರಾಜ್ಯದವರಿಂದ 25,000ದವರೆಗೆ, ಹೊರರಾಜ್ಯದವರಿಂದ 60,000ದವರೆಗೆ. ಇದು ಬೇರೆ ಹೆಸರಿನ ಕ್ಯಾಪಿಟೇಷನ್ನೇ ಎಂದು 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಫೀಜು ಕಟ್ಟುತ್ತೇನೆಂದರೂ ಧಾರವಾಡದ ಹುಡುಗನಿಗೆ ಬಾಗಿಲು ತೆರೆಯಲಿಲ್ಲ. ಇಲ್ಲಿ ದುಡ್ಡೇ ಬಾಗಿಲು ತೆರೆಯಿತು. ದುಡ್ಡು ಕೊಟ್ಟು ಡಾಕ್ಟರಾದವನನ್ನು ನೋಡಿ ಮೆರಿಟ್ ಸತ್ತಿತೆಂದು ಬಸ್ಸಿಗೆ ಕಲ್ಲು ಹೊಡೆದವರುಂಟೆ?

1985ರ ವಸಂತಕುಮಾರ್ ಮೊಕದ್ದಮೆಯೂ ಕರ್ನಾಟಕದ್ದೇ. ಅದರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ನಮ್ಮ ಮನಸ್ಸಿನ ಮಾತನ್ನೇ ಬರೆದರು. ಮನೆಯಲ್ಲಿ ಪುಸ್ತಕವಿಲ್ಲದೆ, ಪಾಠ ಹೇಳಿಕೊಡುವವರಿಲ್ಲದೆ ಕಲಿತ ಮಗು ನಲವತ್ತೋ ಐವತ್ತೋ ತೆಗೆದರೆ ಅದೂ ಮೆರಿಟ್ಟೇ. ಎಲ್ಲ ಸೌಲಭ್ಯವಿದ್ದು ಎಂಬತ್ತು ತೆಗೆದವನ ಅಂಕದ ಪಕ್ಕದಲ್ಲಿ ಅದನ್ನಿಟ್ಟು ತೂಗಬೇಕು.

1994ರಲ್ಲಿ ಸಿ.ಇ.ಟಿ. ಬಂತು. ಬಹಳಷ್ಟು ಸೀಟುಗಳು ಬಹಿರಂಗ ಪಟ್ಟಿಗೆ ಬಂದವು. ಇದು ಸಣ್ಣ ಗೆಲುವಲ್ಲ. ಆದರೆ ಈಗ ಅಳತೆಗೋಲು ಕೋಚಿಂಗ್ ಸೆಂಟರಿಗೆ ನಡೆದಿದೆ. ಮೆಡಿಕಲ್ಲಿಗೆ ನೀಟ್ ಒಂದೇ ದಾರಿ. ಅದನ್ನು ಕನ್ನಡದಲ್ಲೂ ಬರೆಯಬಹುದು, ಆದರೆ ಲಕ್ಷಗಟ್ಟಲೆ ಸುರಿದು ಎರಡು ವರ್ಷ ತರಬೇತಾದವನ ಎದುರು ಸರ್ಕಾರಿ ಕಾಲೇಜಿನ ಹುಡುಗಿ ಕೂರಬೇಕು. ಎರಡನೇ ಸಲ, ಮೂರನೇ ಸಲ ಬರೆಯುತ್ತಾ ಮನೆಯಲ್ಲಿ ಕೂತು ಉಣ್ಣುವಷ್ಟು ಅನುಕೂಲ ಯಾರ ಮನೆಯಲ್ಲಿದೆ?

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಸರ್ಕಾರಿ ಕೋಟಾದಲ್ಲಿ ಗ್ರಾಮೀಣರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಒಳಮೀಸಲಿದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದಕ್ಕೆ ನೀವು ಕೊಡುವ ವ್ಯಾಸಂಗ ಪ್ರಮಾಣ ಪತ್ರವೇ ಇದಕ್ಕೆ ಆಧಾರ. ಒಂದು ಸಹಿ, ಒಂದು ದಿನಾಂಕ ತಪ್ಪಿದರೂ ಕೂಲಿಯವರ ಮಗಳ ಸೀಟು ಕೈತಪ್ಪೀತು. ಅವ್ವ ಅಪ್ಪನಿಗೆ ಇದು ಗೊತ್ತಿರೋದಿಲ್ಲ. ಮಗು ಕೇಳುವ ಮೊದಲೇ ನೀವು ಹೇಳಬೇಕು.

ಗೆಳೆಯರೆ, ಎಷ್ಟು ಅಂಕ ಅಂತ ಕೇಳುವವರು ಇನ್ನೂ ಕೇಳುತ್ತಲೇ ಇರುತ್ತಾರೆ. ನಾಚಿ ತಲೆ ತಗ್ಗಿಸಬೇಡಿ. ಆ ಅಂಕಕ್ಕೆ ನಿಮ್ಮ ಮನೆಯಲ್ಲಿ ಎಷ್ಟು ತಲೆಮಾರಿನ ಅಕ್ಷರ, ಎಷ್ಟು ದುಡ್ಡು ಖರ್ಚಾಯಿತು ಅಂತ ತಿರುಗಿ ಕೇಳಿ. ಲೆಕ್ಕ ಅಲ್ಲಿಂದ ಶುರುವಾಗಲಿ.